ಬೆಸುಗೆಗೆ ಮುನ್ನ ನಿಖರ ಕೋನ ಕತ್ತರಿಕೆ: ಲೋಹ ಕತ್ತರಿಸುವ ಯಂತ್ರದ ಆಯ್ಕೆ

(ಸಾರ್ವಜನಿಕರ ಮಾಹಿತಿಗಾಗಿ)

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗಕ್ಕೆ ಸೇರಿದ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಗೇಟು, ಕಿಟಕಿ ಗ್ರಿಲ್, ಶೆಡ್ಡು, ಟ್ರ್ಯಾಕ್ಟರ್ ಟ್ರೈಲರ್ ಮುಂತಾದವುಗಳ ತಯಾರಿಕಾ ಘಟಕ ಸ್ಥಾಪಿಸಲು ಸಾಲ ಮತ್ತು ಸಹಾಯಧನ ಕೋರುವವರಿಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಸಾಲದಿಂದ ಕೊಂಡ ಯಂತ್ರವು ಕೆಲಸಕ್ಕೆ ಒದಗದಿದ್ದರೂ ಕಂತು ಕಟ್ಟಲೇಬೇಕಾಗುವುದರಿಂದ, ದರಪಟ್ಟಿ (ಕೊಟೇಶನ್) ಪಡೆಯುವ ಮುನ್ನವೇ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

1. ಕೋನದ ನಿಖರತೆ ಏಕೆ ಅಗತ್ಯ?

ಚೌಕಟ್ಟಿನ ಪ್ರತಿ ಮೂಲೆಯಲ್ಲಿ ಎರಡು ಕೊಳವೆಗಳನ್ನು ತಲಾ 45 ಡಿಗ್ರಿಗೆ ಕತ್ತರಿಸಿ ಜೋಡಿಸಲಾಗುತ್ತದೆ. 50 ಮಿ.ಮೀ. ಚದರ ಕೊಳವೆಯಲ್ಲಿ ಒಂದು ತುದಿ 1 ಡಿಗ್ರಿ ತಪ್ಪಿದರೂ ಜೋಡಣೆಯ ಒಂದು ಬದಿಯಲ್ಲಿ ಸುಮಾರು 1.2 ಮಿ.ಮೀ. ಸಂದು ಉಳಿಯುತ್ತದೆ. ಒಂದು ಚೌಕಟ್ಟಿನಲ್ಲಿ ಇಂತಹ ಎಂಟು ತುದಿಗಳಿರುತ್ತವೆ. ಸಂದನ್ನು ಬೆಸುಗೆಯಿಂದಲೇ ತುಂಬಲು ಹೋದರೆ ತೆಳು ಕೊಳವೆಯಲ್ಲಿ ತೂತು ಬೀಳುತ್ತದೆ; ಹೆಚ್ಚಿದ ಶಾಖದಿಂದ ಚೌಕಟ್ಟು ಸೊಟ್ಟಗಾಗುತ್ತದೆ.

2. ಯಂತ್ರಗಳ ವಿಧಗಳು

ಅ) ಕಟಿಂಗ್ ವೀಲ್ ಯಂತ್ರ: 355 ಮಿ.ಮೀ. (14 ಇಂಚು) ಚಕ್ರವು ನಿಮಿಷಕ್ಕೆ ಸುಮಾರು 3,800 ಸುತ್ತು ತಿರುಗುತ್ತದೆ. ಬೆಲೆ ಕಡಿಮೆ. ಆದರೆ ಒತ್ತಿ ಕತ್ತರಿಸಿದಲ್ಲಿ ತೆಳುವಾದ ಚಕ್ರ ಬಾಗಿ ಕೋನ ತಪ್ಪುತ್ತದೆ. ಕಿಡಿ ಹೆಚ್ಚು, ಅಂಚು ಉಜ್ಜಬೇಕಾಗುತ್ತದೆ.

ಆ) ಕಾರ್ಬೈಡ್ ಹಲ್ಲಿನ ಬ್ಲೇಡ್ ಯಂತ್ರ: ಅದೇ ಅಳತೆಯ ಬ್ಲೇಡು ಸುಮಾರು 1,300 ಸುತ್ತಿನಲ್ಲಿ ತಿರುಗುತ್ತದೆ. ಅಂಚು ಸ್ವಚ್ಛವಾಗಿದ್ದು ಕೋನ ನಿಖರವಾಗಿರುತ್ತದೆ. ಯಂತ್ರ ಮತ್ತು ಬ್ಲೇಡಿನ ಬೆಲೆ ಹೆಚ್ಚು. ಗೇಟು, ಗ್ರಿಲ್ ಕೆಲಸವೇ ಪ್ರಧಾನವಾಗಿರುವವರಿಗೆ ಇದು ಸೂಕ್ತ.

ಇ) ಬ್ಯಾಂಡ್ ಸಾ: ದಪ್ಪ ಚಾನೆಲ್, ಆಂಗಲ್‌ಗಳಿಗೆ ಮತ್ತು ಹಲವು ಕೊಳವೆಗಳನ್ನು ಒಟ್ಟಿಗೆ ಕತ್ತರಿಸಲು ಯೋಗ್ಯ. ಲೋಹದ ದಪ್ಪದಲ್ಲಿ ಕನಿಷ್ಠ ಮೂರು ಹಲ್ಲುಗಳು ತಾಗುವಂತಹ ಬ್ಲೇಡ್ ಬಳಸಬೇಕು. ಬಿಗಿತ ಸಡಿಲವಾದಲ್ಲಿ ಬ್ಲೇಡು ಓರೆಯಾಗಿ ಸಾಗುತ್ತದೆ.

3. ದರಪಟ್ಟಿಯಲ್ಲಿ ನಮೂದಾಗಿರಬೇಕಾದ ವಿವರಗಳು

• ಬ್ಲೇಡಿನ ಅಳತೆ ಮತ್ತು ವೇಗ
• 45 ಡಿಗ್ರಿಯಲ್ಲಿ ಕತ್ತರಿಸಬಹುದಾದ ಗರಿಷ್ಠ ಅಳತೆ (ಇದು 90 ಡಿಗ್ರಿಯದಕ್ಕಿಂತ ಕಡಿಮೆ ಇರುತ್ತದೆ)
• ಕೋನಕ್ಕೆ ತಿರುಗುವುದು ವೈಸೋ ಅಥವಾ ಯಂತ್ರದ ತಲೆಯೋ? ವೈಸ್ ತಿರುಗುವುದಾದಲ್ಲಿ 6 ಮೀಟರ್ ಕೊಳವೆಯನ್ನೂ ತಿರುಗಿಸುವಷ್ಟು ಸ್ಥಳ ಬೇಕು
• ಸಿಂಗಲ್ ಫೇಸ್ ಅಥವಾ ತ್ರೀ ಫೇಸ್, ಮೋಟಾರಿನ ಸಾಮರ್ಥ್ಯ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಸಲ್ಲಿಸುವ ಅರ್ಜಿಗೂ ಅಗತ್ಯ)

4. ಖರೀದಿಗೆ ಮುನ್ನ ಪರೀಕ್ಷೆ

ಎರಡು ತುಂಡುಗಳನ್ನು 45 ಡಿಗ್ರಿಗೆ ಕತ್ತರಿಸಿ ಜೋಡಿಸಿ ಮೂಲೆಮಟ್ಟದಿಂದ ನೋಡಿರಿ; ಯಂತ್ರದ ದೋಷ ಎರಡರಷ್ಟಾಗಿ ಕಾಣುತ್ತದೆ. ಕೆಲಸದಲ್ಲಿಯೂ ಪೂರ್ಣ ಬೆಸುಗೆಗೆ ಮುನ್ನ ಚುಕ್ಕಿ ಬೆಸುಗೆ ಹಾಕಿ ಕರ್ಣಗಳನ್ನು ಅಳೆಯಿರಿ. 1,200 × 900 ಮಿ.ಮೀ. ಚೌಕಟ್ಟಿನ ಎರಡೂ ಕರ್ಣಗಳು 1,500 ಮಿ.ಮೀ. ಇರಬೇಕು.

5. ಸುರಕ್ಷತೆ

ಕಾರ್ಬೈಡ್ ಬ್ಲೇಡನ್ನು ಕಟಿಂಗ್ ವೀಲ್ ಯಂತ್ರಕ್ಕೆ ಅಳವಡಿಸಕೂಡದು. ಅದರ ವೇಗಕ್ಕೆ ಹಲ್ಲುಗಳು ಸಿಡಿದು ಪ್ರಾಣಾಪಾಯವಾಗಬಹುದು. ಚಕ್ರದ ಮೇಲೆ ನಮೂದಿಸಿದ ಗರಿಷ್ಠ ವೇಗವು ಯಂತ್ರದ ವೇಗಕ್ಕಿಂತ ಕಡಿಮೆ ಇರಕೂಡದು. ರಕ್ಷಾ ಕವಚ ತೆಗೆಯಕೂಡದು. ಕನ್ನಡಕ ಧರಿಸತಕ್ಕದ್ದು.

6. ಸಹಾಯಧನ

2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಡಿ ಉತ್ಪಾದನಾ ಘಟಕದ ಗರಿಷ್ಠ ಯೋಜನಾ ವೆಚ್ಚವನ್ನು 2022ರಲ್ಲಿ ರೂ. 50 ಲಕ್ಷಕ್ಕೆ ಏರಿಸಲಾಯಿತು. ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ವಿಶೇಷ ವರ್ಗಕ್ಕೆ ಶೇ. 35 ಸಹಾಯಧನ ನಿಗದಿಪಡಿಸಲಾಗಿದೆ. ಮೊದಲ ಬಾರಿಯ ನೆರವು ಹೊಸ ಘಟಕಗಳಿಗೆ ಮಾತ್ರ ಅನ್ವಯಿಸುವುದರಿಂದ, ಮೊದಲೇ ಯಂತ್ರ ಕೊಂಡು ಘಟಕ ಆರಂಭಿಸಿ ನಂತರ ಅರ್ಜಿ ಸಲ್ಲಿಸಕೂಡದು. ಉದ್ಯಮ್ ನೋಂದಣಿ ಉಚಿತವಾಗಿದ್ದು, ಇದಕ್ಕಾಗಿ ಯಾರಿಗೂ ಶುಲ್ಕ ನೀಡಬೇಕಾಗಿಲ್ಲ.

ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮಗಳಿಗಾಗಿ ಮಂಡ್ಯದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದು.