ಮಗುವಿನ ಊಟಕ್ಕೆ ಹಣವುಂಟು, ಗುಮಾಸ್ತನ ಸಂಬಳಕ್ಕಿಲ್ಲ

ಇಂಟರ್ನೆಟ್ ಎಂದರೆ ಸೈಬರ್ ಕೆಫೆಗೆ ಹೋಗಿ ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ನೋಡಬೇಕಾಗಿದ್ದ ಕಾಲ. ಅಂಥ 2000ನೇ ಇಸವಿಯಲ್ಲಿ ಅಹಮದಾಬಾದಿನ ಐಐಎಂನಲ್ಲಿ ಓದಿದ್ದ ವೆಂಕಟ್ ಕೃಷ್ಣನ್ ‘ಗಿವ್ ಇಂಡಿಯಾ’ ಆರಂಭಿಸಿದರು. ಸ್ವಯಂಸೇವಾ ಸಂಸ್ಥೆಗಳ ಲೆಕ್ಕಪತ್ರ ಪರಿಶೀಲಿಸಿ, ನಂಬಬಹುದಾದವನ್ನು ಒಂದೇ ತಾಣದಲ್ಲಿ ಪಟ್ಟಿ ಮಾಡಿ, ದಾನಿಗೆ ಆಯ್ದುಕೊಳ್ಳಲು ಬಿಡುವುದು ಅದರ ಕೆಲಸ. ಆಗ ಕ್ರೆಡಿಟ್ ಕಾರ್ಡ್ ಇದ್ದವರೇ ಕಡಿಮೆ, ಇದ್ದವರಿಗೂ ಅದರ ನಂಬರನ್ನು ಕಂಪ್ಯೂಟರಿನಲ್ಲಿ ಒತ್ತಲು ಭಯ. ಹಾಗಾಗಿ ಕಂಪನಿಗಳ ನೌಕರರ ಸಂಬಳದಿಂದ ತಿಂಗಳು ತಿಂಗಳು ಸಣ್ಣ ಮೊತ್ತ ಕಡಿತವಾಗುವ ಏರ್ಪಾಡು ಅದಕ್ಕೆ ದೊಡ್ಡ ಆಸರೆಯಾಯಿತು.

ಅದೇ ವರ್ಷ ಬೆಂಗಳೂರಿನಲ್ಲಿ ಅಕ್ಷಯ ಪಾತ್ರೆ ಐದು ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸಲು ತೊಡಗಿತು. ಆನ್‌ಲೈನ್ ದೇಣಿಗೆಯ ಮುಖ್ಯ ವರಸೆಯೊಂದನ್ನು ಅದರ ತಾಣದಲ್ಲಿ ಸ್ಪಷ್ಟವಾಗಿ ನೋಡಬಹುದು: ‘ನಮ್ಮ ಸಂಸ್ಥೆಗೆ ನೆರವಾಗಿ’ ಎನ್ನುವ ಬದಲು ಒಂದು ಮಗುವಿನ ಒಂದು ವರ್ಷದ ಊಟಕ್ಕೆ ಇಷ್ಟು ಎಂದು ಬೆಲೆ ಹಾಕುವುದು. ಈಚಿನ ವರ್ಷಗಳಲ್ಲಿ ಆ ಬೆಲೆ 1,500 ರೂಪಾಯಿ. ಕನ್ನಡನಾಡಿನ ಮಠಗಳ ಜೋಳಿಗೆಗೂ ಮನೆಮನೆಯ ಮುಷ್ಟಿ ಅಕ್ಕಿಗೂ ಇಂಥ ಚೀಟಿ ಅಂಟಿರಲಿಲ್ಲ. 1934ರಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದಾಗ ಕಥೆಗಾರ್ತಿ ಗೌರಮ್ಮ ತಮ್ಮ ಒಡವೆ ಕೊಟ್ಟರು. ಇದರಿಂದ ಏನನ್ನು ಕೊಳ್ಳುತ್ತೀರಿ ಎಂಬ ಪ್ರಶ್ನೆ ಆ ಕಾಲದ ದಾನದ ರೀತಿಗೆ ಸೇರಿದ್ದಲ್ಲ. ಕೊಟ್ಟ ಮೇಲೆ ಖರ್ಚಿನ ವಿವೇಕ ಪಡೆದವರದು. ಅಂತರ್ಜಾಲ ಈ ಅಧಿಕಾರವನ್ನು ದಾನಿಯ ಕೈಗೆ ಕೊಟ್ಟಿತು. ಊಟ, ಪಠ್ಯಪುಸ್ತಕ, ಕಣ್ಣಿನ ಶಸ್ತ್ರಚಿಕಿತ್ಸೆ ಎಲ್ಲವೂ ಬೆಲೆಪಟ್ಟಿಗೆ ಬಂದವು. ಲೆಕ್ಕ ಬರೆಯುವವನ ಸಂಬಳ, ಕಚೇರಿ ಬಾಡಿಗೆ ಬರಲಿಲ್ಲ. ಕಳೆದ ಇಪ್ಪತ್ತೈದು ವರ್ಷಗಳ ಕಥೆಯ ಬಹುಪಾಲು ಇದರಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಎರಡನೆಯ ಅಲೆ ಸಾಲದ್ದು. ಅಮೆರಿಕದಲ್ಲಿ 2005ರಲ್ಲಿ ಬಂದ ‘ಕಿವಾ’ ದೂರದ ಬಡವರಿಗೆ ಸಣ್ಣ ಸಾಲ ಕೊಡಿಸುವ ದಾರಿ ತೋರಿಸಿತ್ತು. ಸ್ಮಿತಾ ರಾಮ್ ಮತ್ತು ರಾಮಕೃಷ್ಣ ದಂಪತಿ 2008ರ ಜನವರಿ 26ರಂದು ‘ರಂಗ್ ದೇ’ ಶುರುಮಾಡಿದರು. 2010ರಲ್ಲಿ ಬೆಂಗಳೂರಿನಲ್ಲಿ ಮೂವರು ಯುವಕರು ‘ಮಿಲಾಪ್’ ಕಟ್ಟಿದರು. ಎರಡರಲ್ಲೂ ಕೊಟ್ಟ ಹಣ ವಾಪಸ್ ಬರುವ ನಿರೀಕ್ಷೆ ಇತ್ತು. ರಂಗ್ ದೇ ಇಂದಿಗೂ ಸಾಲದ ದಾರಿಯಲ್ಲೇ ಇದೆ, ರಿಸರ್ವ್ ಬ್ಯಾಂಕಿನ ನಿಯಂತ್ರಣಕ್ಕೂ ಒಳಪಟ್ಟಿದೆ. ಮಿಲಾಪ್ ದೇಣಿಗೆಯತ್ತ, ಅದರಲ್ಲೂ ಆಸ್ಪತ್ರೆಯ ಬಿಲ್ಲಿನತ್ತ ಹೊರಳಿತು. ನಡುವೆ 2013ರಲ್ಲಿ ತೆರೆಕಂಡ ಪವನ್ ಕುಮಾರರ ‘ಲೂಸಿಯಾ’ ನೂರಕ್ಕೂ ಹೆಚ್ಚು ಪ್ರೇಕ್ಷಕರಿಂದ ಅರ್ಧ ಕೋಟಿಗೂ ಮಿಕ್ಕಿ ಹಣ ಕೂಡಿಸಿತ್ತು. ಕ್ರೌಡ್‌ಫಂಡಿಂಗ್ ಎಂಬ ಮಾತು ಕನ್ನಡ ಪತ್ರಿಕೆಗಳಲ್ಲಿ ಓಡಾಡತೊಡಗಿದ್ದು ಮುಖ್ಯವಾಗಿ ಆ ಸಿನಿಮಾದಿಂದ. ಅದು ಹೂಡಿಕೆ, ದಾನವಲ್ಲ.

ಇದೇ ಹೊತ್ತಿಗೆ ಸದ್ದಿಲ್ಲದೆ ಬೆಳೆದದ್ದು ಓಟದ ದೇಣಿಗೆ. 2004ರಲ್ಲಿ ಮುಂಬೈ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ 10ಕೆ. ಓಡುವವನು ತನ್ನ ಮೆಚ್ಚಿನ ಸಂಸ್ಥೆಯ ಹೆಸರಿನಲ್ಲಿ ಒಂದು ಪುಟ ತೆರೆದು, ‘ನಾನು ಹತ್ತು ಕಿಲೋಮೀಟರ್ ಓಡುತ್ತೇನೆ, ನೀವು ಐನೂರು ಕೊಡಿ’ ಎಂದು ಸಹೋದ್ಯೋಗಿಗಳಿಗೆ, ಭಾವಮೈದುನನಿಗೆ, ಹಳೆಯ ಕ್ಲಾಸ್‌ಮೇಟುಗಳಿಗೆ ಇ–ಮೇಲ್ ಕಳಿಸುತ್ತಾನೆ. ನನ್ನ ದೃಷ್ಟಿಯಲ್ಲಿ ಸಂಸ್ಥೆಗಳಿಗೆ ಅತ್ಯಂತ ಆರೋಗ್ಯಕರವಾದ ಮಾದರಿ ಇದೇ. ಕೊಡುವವರು ಗೆಳೆಯನ ಮುಖ ನೋಡಿ ಕೊಡುತ್ತಾರೆ, ಬೆಲೆಪಟ್ಟಿ ಕೇಳುವುದಿಲ್ಲ. ಹಾಗಾಗಿ ಆ ಹಣದಲ್ಲಿ ಬಾಡಿಗೆಯನ್ನೂ ಕಟ್ಟಬಹುದು.

ಗೆದ್ದದ್ದು ಮಾತ್ರ ಇನ್ನೊಂದು ಮಾದರಿ. 2012ರಲ್ಲಿ ‘ಕೆಟ್ಟೊ’, 2014ರಲ್ಲಿ ‘ಇಂಪ್ಯಾಕ್ಟ್ ಗುರು’ ಬಂದವು. ತೀವ್ರ ನಿಗಾ ಘಟಕದಲ್ಲಿ ಮಲಗಿರುವ ಮಗುವಿನ ಫೋಟೊ, ಅಳುವ ತಾಯಿಯ ವಿಡಿಯೊ ಮೊಬೈಲಿಗೆ ಬರತೊಡಗಿದವು. ಬೆನ್ನುಹುರಿಯ ಸ್ನಾಯುಕ್ಷಯಕ್ಕೆ ಒಮ್ಮೆ ಕೊಡುವ ಝೋಲ್ಗೆನ್ಸ್ಮಾ ಔಷಧಿಗೆ ಸುಮಾರು 16 ಕೋಟಿ ರೂಪಾಯಿ. ಅಷ್ಟನ್ನೂ ಅಪರಿಚಿತರಿಂದ ಕೂಡಿಸಿದ ಕುಟುಂಬಗಳಿವೆ. ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯ ಬೆನ್ನಿಗೆ ಕೇಂದ್ರ ಸರ್ಕಾರವೂ ಇಂಥದ್ದೊಂದು ತಾಣ ತೆರೆಯಿತು. ಅಲ್ಲಿಗೆ ಹರಿದ ಹಣ ತೀರಾ ಅಲ್ಪ. ಅಲ್ಲಿ ಕಾಯಿಲೆಯ ಹೆಸರಿತ್ತು, ಕಥೆ ಇರಲಿಲ್ಲ. ಖಾಸಗಿ ತಾಣಗಳು ಸೇವಾಶುಲ್ಕ ಬಿಟ್ಟು ‘ಟಿಪ್’ ಕೇಳತೊಡಗಿದವು; ಕೆಲವೆಡೆ ಟಿಪ್ ಮೊದಲೇ ತುಂಬಿರುತ್ತದೆ, ಬೇಡವೆಂದರೆ ಹುಡುಕಿ ತೆಗೆಯಬೇಕು. ಒಂದು ತಾಲ್ಲೂಕಿನ ಕೆರೆಗಳ ಹೂಳೆತ್ತಿಸುವ ಸಂಸ್ಥೆ ಈ ಮುಖಗಳ ಜೊತೆ ಪೈಪೋಟಿಗಿಳಿಯಲಾರದು.

ಇತ್ತ ಕಾನೂನೂ ಬದಲಾಯಿತು. 2020ರ ವಿದೇಶಿ ದೇಣಿಗೆ ತಿದ್ದುಪಡಿಯಂತೆ ಹೊರದೇಶದ ಹಣ ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಯ ಖಾತೆಗೇ ಮೊದಲು ಬರಬೇಕು. ಪಡೆದ ಸಂಸ್ಥೆ ಅದನ್ನು ಮತ್ತೊಂದಕ್ಕೆ ಕೊಡುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಗುಮಾಸ್ತನ ಸಂಬಳದ ಬಗ್ಗೆ ದಾನಿಗಳಿಗಿದ್ದ ಅಸಹನೆಯೇ ಶಾಸನವಾದಂತಾಯಿತು. ಅಮೆರಿಕದ ಕನ್ನಡಿಗರಿಗೆ ಇದರ ತೊಡಕು ಚೆನ್ನಾಗಿ ಗೊತ್ತು: ಗಂಡನ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದರೆ ಅವನ ಉಳಿತಾಯದಿಂದ ಊರಿನ ಶಾಲೆಗೆ ಬರುವ ಹಣ ವಿದೇಶಿ ದೇಣಿಗೆಯಲ್ಲ, ಹೆಂಡತಿ ಅಲ್ಲಿನ ಪೌರತ್ವ ಪಡೆದಿದ್ದರೆ ಅವಳದು ವಿದೇಶಿ.

2021ರ ಅಕ್ಟೋಬರ್ 1ರ ಪೆಟ್ಟು ಹೊರಗೆ ಅಷ್ಟಾಗಿ ಸುದ್ದಿಯಾಗಲಿಲ್ಲ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಪಾವತಿಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಅಂದು ಜಾರಿಗೆ ಬಂತು. ಹಳೆಯ ಒಪ್ಪಿಗೆಗಳು ಒಮ್ಮೆಲೇ ನಿಂತವು. ಸಂಸ್ಥೆಗಳು ತಮ್ಮ ಮಾಸಿಕ ದಾನಿಗಳಿಗೆ ಒಬ್ಬೊಬ್ಬರಿಗಾಗಿ ಫೋನ್ ಮಾಡಿ ಮತ್ತೆ ನೋಂದಾಯಿಸಿಕೊಳ್ಳಬೇಕಾಯಿತು. ಹಾಗೆ ನಿಂತದ್ದು ಸಂಬಳ, ಬಾಡಿಗೆಗೆ ಒದಗುವಂಥ ಸ್ಥಿರವಾದ ಹಣ.

2016ರಲ್ಲಿ ಬಂದ ಯುಪಿಐ ಕೊಡುವುದನ್ನು ಸಲೀಸು ಮಾಡಿತು, ನಿಜ. ಆದರೆ ಕ್ಯೂಆರ್ ಕೋಡ್ ಹಿಡಿದು ಬರುವ 501 ರೂಪಾಯಿಯ ಜೊತೆ ಪ್ಯಾನ್ ನಂಬರ್ ಬರುವುದಿಲ್ಲ. 2021–22ರ ಲೆಕ್ಕದಿಂದ ಪ್ರತಿ ದಾನಿಯ ವಿವರವನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸಬೇಕು, ಆಮೇಲೇ ತೆರಿಗೆ ರಿಯಾಯಿತಿಗೆ ಬೇಕಾದ 80ಜಿ ಪ್ರಮಾಣಪತ್ರ. ಮೇ ತಿಂಗಳು ಬಂತೆಂದರೆ ‘ಸಾರ್, ನಿಮ್ಮ ಪ್ಯಾನ್ ಸ್ವಲ್ಪ ಕಳಿಸ್ತೀರಾ’ ಎಂಬ ವಾಟ್ಸ್ಯಾಪ್ ಸಂದೇಶಗಳೇ ಸಂದೇಶಗಳು. 2023–24ರಿಂದ ತಾನಾಗಿ ಅನ್ವಯವಾಗುವ ಹೊಸ ತೆರಿಗೆ ಪದ್ಧತಿಯಲ್ಲಿ ಆ ರಿಯಾಯಿತಿಯೇ ಇಲ್ಲ. ನಮೂನೆ ತುಂಬುವ ಕೆಲಸ ಮಾತ್ರ ಹಾಗೇ ಇದೆ.

ಈಚಿನ ಪ್ರಯೋಗ ಸಾಮಾಜಿಕ ಷೇರು ವಿನಿಮಯ ಕೇಂದ್ರ. 2019ರ ಬಜೆಟ್ಟಿನಲ್ಲಿ ಘೋಷಣೆಯಾಗಿ, 2022ರಲ್ಲಿ ಸೆಬಿ ನಿಯಮಗಳು ಬಂದು, 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಉನ್ನತಿ ಫೌಂಡೇಶನ್ ಅಲ್ಲಿ ಪಟ್ಟಿಯಾದ ಮೊದಲ ಸಂಸ್ಥೆಯಾಯಿತು. ಇಲ್ಲಿ ಕೊಳ್ಳುವ ಪತ್ರಕ್ಕೆ ಬಡ್ಡಿಯಿಲ್ಲ, ಅಸಲೂ ಮರಳುವುದಿಲ್ಲ. ಷೇರು ಮಾರುಕಟ್ಟೆಯ ವೇಷದ ದಾನ ಅದು. ಎರಡು ಲಕ್ಷವಿದ್ದ ಕನಿಷ್ಠ ಮೊತ್ತ ಹತ್ತು ಸಾವಿರವಾಗಿ, 2025ರಲ್ಲಿ ಒಂದು ಸಾವಿರಕ್ಕಿಳಿಯಿತು. ಈಗ ಮಧ್ಯಮ ವರ್ಗದವರೂ ಕೊಳ್ಳಬಹುದು, ಡಿಮ್ಯಾಟ್ ಖಾತೆಯೊಂದಿದ್ದರೆ. ಆದರೆ ಪ್ರತಿ ಪತ್ರವೂ ಗೊತ್ತುಪಡಿಸಿದ ಯೋಜನೆ, ಗೊತ್ತುಪಡಿಸಿದ ಅವಧಿಗೇ ಮೀಸಲು, ಮೇಲೆ ವರ್ಷವರ್ಷ ಪರಿಣಾಮದ ವರದಿ. ಆ ವರದಿ ಬರೆಯಲು ಇನ್ನೊಬ್ಬ ಗುಮಾಸ್ತ ಬೇಕು.