ದತ್ತ ಮಂಡಲದಿಂದ ವಿಜಯನಗರ ಜಿಲ್ಲೆಯವರೆಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಆಡಳಿತ ಚರಿತ್ರೆಯನ್ನು ಅರಿಯಬಯಸುವವರು ಮೊದಲು ಗಮನಿಸಬೇಕಾದುದು ಆಂಗ್ಲರ ಕಾಲದ ಭೂಪಟವನ್ನು. ತುಂಗಭದ್ರೆಯ ಆಚೆಯ ದಡದಲ್ಲಿ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆ, ಉತ್ತರದಲ್ಲಿ ನಿಜಾಮನ ರಾಜ್ಯ, ದಕ್ಷಿಣದಲ್ಲಿ ಮೈಸೂರು ಸಂಸ್ಥಾನ. ಇವುಗಳ ನಡುವೆ, ದೂರದ ಮದರಾಸಿಗೆ ಕಂದಾಯ ಸಲ್ಲಿಸುತ್ತಿದ್ದ ಈ ಕನ್ನಡ ಸೀಮೆ. ನಾಲ್ಕು ಸರ್ಕಾರಗಳ ಅಂಚುಗಳು ಕೂಡುವೆಡೆಯಲ್ಲಿ ಮಾತು ಮಾತ್ರ ಒಂದೇ ಆಗಿದ್ದಿತು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಟಿಪ್ಪುವಿನ ರಾಜ್ಯದಲ್ಲಿ ತನ್ನ ಪಾಲನ್ನು ಪಡೆದ ನಿಜಾಮನು, ಮರುವರ್ಷವೇ, ತನ್ನ ರಕ್ಷಣೆಗೆಂದು ಇರಿಸಿಕೊಂಡ ಕಂಪನಿಯ ಸೇನೆಯ ವೆಚ್ಚಕ್ಕಾಗಿ ಬಳ್ಳಾರಿ, ಕಡಪಾ ಮೊದಲಾದ ಪ್ರದೇಶಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಅಂದಿನಿಂದ ಇವಕ್ಕೆ ದತ್ತ ಮಂಡಲವೆಂಬ ಹೆಸರು ನಿಂತಿತು. ಕೊಟ್ಟವನ ಮತ್ತು ಪಡೆದವನ ದೃಷ್ಟಿಯಿಂದ ಹುಟ್ಟಿದ ಈ ಹೆಸರಿನಲ್ಲಿ ನೆಲದವರಿಗೆ ಸ್ಥಾನವಿರಲಿಲ್ಲ. 1807ರವರೆಗೆ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಪಾಳೆಯಗಾರರ ಬಲವನ್ನು ಮುರಿದು ರೈತನೊಡನೆಯೇ ಕಂದಾಯವನ್ನು ಗೊತ್ತುಪಡಿಸುವ ಪದ್ಧತಿಗೆ ಇಲ್ಲಿ ಬುನಾದಿ ಹಾಕಿದನು. 1808ರಲ್ಲಿ ಮಂಡಲವು ಬಳ್ಳಾರಿ, ಕಡಪಾ ಎಂದು ಎರಡಾಯಿತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರವು ಬೇರ್ಪಟ್ಟಿತು. 1928ರಲ್ಲಿ ನಂದ್ಯಾಲದಲ್ಲಿ ಕೂಡಿದ ಆಂಧ್ರ ಮಹನೀಯರು ದತ್ತ ಮಂಡಲವೆಂಬ ಹೆಸರನ್ನು ಕಳೆದು ರಾಯಲಸೀಮೆ ಎಂದು ಕರೆದರು. ವಿಜಯನಗರದ ರಾಯರ ನೆನಪು ಕನ್ನಡಿಗರಿಗೂ ಪ್ರಿಯವೇ. ಆದರೆ ಆ ಹೆಸರಿನೊಡನೆ ಬಳ್ಳಾರಿಯೂ ಆಂಧ್ರರ ಪಾಲಾದೀತೆಂಬ ಶಂಕೆ ಅಕಾರಣವಾದುದಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಜನಿಸಿದಾಗ ಆದವಾನಿ, ಆಲೂರು, ರಾಯದುರ್ಗಗಳು ಅತ್ತ ಹೋದವು. ಉಳಿದ ತಾಲ್ಲೂಕುಗಳು ಮೈಸೂರಿಗೆ ಬಂದವು. ಕಲಹವೆಲ್ಲ ಬಳ್ಳಾರಿ ತಾಲ್ಲೂಕಿನದು. ಅದಕ್ಕಾಗಿ ನ್ಯಾಯಮೂರ್ತಿ ಮಿಶ್ರರ ವಿಚಾರಣೆಯೇ ನಡೆಯಬೇಕಾಯಿತು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳ ಭಾಷೆಯನ್ನು ಕುರಿತು ಅಂಥ ವಿವಾದವಿರಲಿಲ್ಲ. ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳಾದರೋ ಆಗಿನ್ನೂ ತಾಲ್ಲೂಕುಗಳೇ ಆಗಿರಲಿಲ್ಲ. 1956ರಲ್ಲಿ ಮೈಸೂರು ವಿಶಾಲವಾಯಿತು, 1973ರಲ್ಲಿ ಕರ್ನಾಟಕವಾಯಿತು.

ಭಾಷೆಯ ಪ್ರಶ್ನೆ ತೀರಿದ ಮೇಲೆ ಗಡಿಗಳನ್ನು ಅಲುಗಿಸಿದವು ದೂರ ಮತ್ತು ಸೌಲಭ್ಯಗಳೆಂದು ನನ್ನ ಮತ. ಹರಪನಹಳ್ಳಿಯೇ ಇದಕ್ಕೆ ಸಾಕ್ಷಿ. ಬಳ್ಳಾರಿಗಿಂತ ದಾವಣಗೆರೆಯೇ ಸಮೀಪವಾದ ಈ ತಾಲ್ಲೂಕು 1997ರಲ್ಲಿ ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಸೇರಿತು. ಅನಂತರ ಸಂವಿಧಾನದ 371(ಜೆ) ವಿಧಿಯು ಹೈದರಾಬಾದ್ ಕರ್ನಾಟಕಕ್ಕೆ ವಿದ್ಯಾಭ್ಯಾಸದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಯನ್ನು ಒದಗಿಸಿದಾಗ ಬಳ್ಳಾರಿ ಜಿಲ್ಲೆ ಅದರೊಳಗಿದ್ದಿತು, ಹರಪನಹಳ್ಳಿ ಹೊರಗುಳಿಯಿತು. 1800ರಲ್ಲಿಯೇ ನಿಜಾಮನು ಬಿಟ್ಟುಕೊಟ್ಟ ನೆಲವು ಎರಡು ಶತಮಾನಗಳ ತರುವಾಯ ಹೈದರಾಬಾದಿನ ಹೆಸರಿನಲ್ಲಿ ಲಾಭ ಪಡೆಯುವ ಈ ವಿಚಿತ್ರವು ಚರಿತ್ರೆಯ ಪ್ರಿಯರಿಗೆ ನಗು ತರಿಸೀತು. ಹೊರಗುಳಿದ ವಿದ್ಯಾರ್ಥಿಗೆ ಅದು ನಗುವ ಮಾತಲ್ಲ. ಕಡೆಗೆ 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು; ಮರುವರ್ಷ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. 2021ರಲ್ಲಿ, ಅಷ್ಟರೊಳಗೆ ತಾಲ್ಲೂಕುಗಳಾಗಿದ್ದ ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳೂ ಸೇರಿ ಈ ಐದೂ ಹೊಸಪೇಟೆಯೊಡನೆ ವಿಜಯನಗರ ಜಿಲ್ಲೆಯಾದವು. ಹರಪನಹಳ್ಳಿಯವರಿಗೆ ಈಗ ಜಿಲ್ಲಾ ಕಚೇರಿಯ ದಾರಿ ಹೊಸಪೇಟೆಯ ಕಡೆಗೆ.