ಶಿಲೆಗಳ ಸಾಕ್ಷ್ಯ

ಕನ್ನಡನಾಡು ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗುಗಳಲ್ಲಿ ಹರಿದು ಹಂಚಿಹೋಗಿದ್ದ ಕಾಲದಲ್ಲಿ, ಕನ್ನಡಿಗರೆಲ್ಲರೂ ಒಂದೇ ಜನವೆಂಬುದಕ್ಕೆ ಪ್ರಮಾಣವೇನೆಂಬ ಪ್ರಶ್ನೆಯು ಏಳುತ್ತಿದ್ದಿತು. 1905ರಲ್ಲಿ ಹಾಳುಹಂಪೆಯನ್ನು ಕಂಡು ಕರಗಿದ ಆಲೂರ ವೆಂಕಟರಾಯರು ಆ ಪ್ರಮಾಣವನ್ನು ಇತಿಹಾಸದಲ್ಲಿ ಅರಸಿದರು. ಅವರ ಉದ್ಯಮದಿಂದ 1914ರಲ್ಲಿ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲವು ಸ್ಥಾಪಿತವಾಯಿತು. 1917ರಲ್ಲಿ ‘ಕರ್ನಾಟಕ ಗತವೈಭವ’ವು ಹೊರಬಿದ್ದಿತು.

ಇಂತಹ ಮಂಡಲಗಳ ಕಾರ್ಯವು ಆಡಂಬರದ್ದಲ್ಲ. ಶಾಸನವನ್ನು ತೊಳೆದು, ಕಾಗದದ ಮೇಲೆ ಪಡಿಯಚ್ಚು ತೆಗೆದು, ಅಕ್ಷರಗಳನ್ನೋದಿ ಪ್ರಕಟಿಸುವುದೇ ಅದರ ಸಾರವು. ಐಹೊಳೆಯಲ್ಲಿ 634ರ ರವಿಕೀರ್ತಿಯ ಶಾಸನವು ಅಳಿದಿದ್ದರೆ ಇಮ್ಮಡಿ ಪುಲಿಕೇಶಿಯ ಚರಿತ್ರೆಯು ಎಷ್ಟು ಬಡವಾಗುತ್ತಿದ್ದಿತು!

1956ರಲ್ಲಿ ನಾಡು ಒಂದಾಯಿತು. ಆದರೆ ಒಗೆಯುವ ಕಲ್ಲಾಗಿ, ಗೋಡೆಯ ಅಡಿಗಲ್ಲಾಗಿ ಹಳ್ಳಿಗಳಲ್ಲಿ ಶಾಸನಗಳು ಇನ್ನೂ ಸವೆಯುತ್ತಿರುವುವು. ಸವೆದ ಅಕ್ಷರವು ಮರಳಿ ನುಡಿಯದು.